ತೊಗರಿಗೆ ಎಣ್ಣೆ ಹೊಡೆದದ್ದನ್ನು ಗಿರಾಕಿಗೆ ಹೇಳಬೇಕೆ?

ಪ್ರಶ್ನೆ: ಆಳಂದ ತಾಲ್ಲೂಕಿನ ನಮ್ಮ ಆರು ಎಕರೆಯಲ್ಲಿ ಬೆಳೆದ ತೊಗರಿಯನ್ನು ಬೇಳೆ ಮಾಡಿಸಿ, ಮೂರು ವರ್ಷಗಳಿಂದ ಕಲಬುರಗಿ ನಗರದ ಸುಮಾರು ನಲವತ್ತು ಮನೆಗಳಿಗೆ ನಾನೇ ಮಾರುತ್ತಿದ್ದೇನೆ. ಈಚೆಗೆ ಗಿರಾಕಿಗಳು ‘ಔಷಧ ಹೊಡೆದಿದ್ದೀರಾ?’ ಎಂದು ಕೇಳತೊಡಗಿದ್ದಾರೆ. ಕಳೆದ ಹಂಗಾಮಿನಲ್ಲಿ ಬೇವಿನ ಬೀಜದ ಕಷಾಯವನ್ನು ಒಮ್ಮೆ, ಇಂಡಾಕ್ಸಾಕಾರ್ಬ್ ಒಮ್ಮೆ, ಕ್ಲೋರಾಂಟ್ರಾನಿಲಿಪ್ರೋಲ್ ಒಮ್ಮೆ ಹೊಡೆದಿದ್ದೇವೆ. ‘ಇಲ್ಲ ಅಂದುಬಿಡು, ಯಾರು ನೋಡ್ಲಿಕ್ಕೆ ಬರ್ತಾರ’ ಎನ್ನುತ್ತಾರೆ ಮನೆಯವರು. ನಿಜ ಹೇಳಿದರೆ ಗಿರಾಕಿ ಕೈಬಿಡುವ ಭಯ ನನಗೂ ಇದೆ. ಏನು ಹೇಳಲಿ, ಎಷ್ಟು ಹೇಳಲಿ?

ಉತ್ತರ: ಹೊಡೆದಿದ್ದೇವೆ ಎಂದೇ ಹೇಳಿ. ಯಾವುದನ್ನು, ಯಾವ ತಾರೀಖಿಗೆ, ಎಕರೆಗೆ ಎಷ್ಟು, ಕೊಯ್ಲಿಗೆ ಎಷ್ಟು ದಿನ ಮುಂಚೆ ಎಂಬುದನ್ನೂ ಸೇರಿಸಿ ಹೇಳಿ. ಇಲ್ಲಿಗೇ ಮುಗಿಸಬಹುದಿತ್ತು, ಆದರೆ ನಿಮ್ಮ ಪತ್ರದಲ್ಲಿ ಗಿರಾಕಿಗಳ ಸುದ್ದಿಯನ್ನು ಬಿಟ್ಟರೆ ಬೇರೆ ಯಾರ ಸುದ್ದಿಯೂ ಇಲ್ಲದಿರುವುದು ನನ್ನನ್ನು ಸ್ವಲ್ಪ ಕಾಡಿತು. ಪಂಪು ಬೆನ್ನಿಗೇರಿಸಿಕೊಂಡವರು ಯಾರು, ನೀರು ಹೊತ್ತು ಕೊಟ್ಟವರು ಯಾರು, ಪಕ್ಕದ ಹೊಲದಲ್ಲಿ ಆ ದಿನ ಕಳೆ ತೆಗೆಯುತ್ತಿದ್ದವರು ಯಾರು? ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಹೊಲಗಳಲ್ಲಿ ಮೂವತ್ತು ವರ್ಷ ಕೀಡೆಗಳ ಬೆನ್ನು ಹತ್ತಿ ತಿರುಗಿದವನಾಗಿ ಹೇಳುವುದಾದರೆ, ಕೀಟನಾಶಕದ ಮಾತು ನಮ್ಮಲ್ಲಿ ತಲೆಕೆಳಗಾಗಿ ನಡೆಯುತ್ತದೆ. ಒಣಗಿದ ಬೇಳೆಯನ್ನು ತೊಳೆದು, ಬೇಯಿಸಿ ಉಣ್ಣುವವರು ಹತ್ತು ಪ್ರಶ್ನೆ ಕೇಳುತ್ತಾರೆ. ಡಬ್ಬಿಯ ಮುಚ್ಚಳ ತೆರೆದು ಕಲಸುವವರು ಒಂದನ್ನೂ ಕೇಳುವುದಿಲ್ಲ, ಅವರಿಗೆ ತಾನಾಗಿ ಹೇಳುವವರೂ ಇಲ್ಲ. ಮೊದಲು ನೀವು ಕೇಳಿದ್ದಕ್ಕೆ ಉತ್ತರಿಸಿ, ಆಮೇಲೆ ಕೇಳದಿದ್ದುದಕ್ಕೆ ಬರುತ್ತೇನೆ.

ತೊಡಕು ಶುರುವಾಗುವುದು ಪದದಿಂದಲೇ. ಅಂಗಡಿಯವರು ‘ಔಷಧ’ ಎನ್ನುತ್ತಾರೆ, ನಮ್ಮ ಹೊಲಗಳಲ್ಲಿ ‘ಎಣ್ಣಿ’ ಎನ್ನುತ್ತಾರೆ, ಇಲಾಖೆಯ ಕರಪತ್ರ ‘ಸಸ್ಯ ಸಂರಕ್ಷಣಾ ರಾಸಾಯನಿಕ’ ಎಂದು ಬರೆಯುತ್ತದೆ, ನಗರದ ಗಿರಾಕಿ ಮನಸ್ಸಿನಲ್ಲಿ ‘ವಿಷ’ ಎಂದುಕೊಳ್ಳುತ್ತಾರೆ. ಒಂದೇ ಡಬ್ಬಿಗೆ ನಾಲ್ಕು ಹೆಸರುಗಳಿರುವಾಗ ಇಬ್ಬರು ಎದುರುಬದುರು ಕೂತರೂ ಮಾತು ಕೂಡುವುದಿಲ್ಲ. ‘ಔಷಧ ಹೊಡೆದಿದ್ದೇವೆ’ ಎಂದು ನೀವು ಹೇಳಿದರೆ ಅಡಗಿಸಿದಂತೆ ಕೇಳುತ್ತದೆ. ‘ವಿಷ ಹೊಡೆದಿದ್ದೇವೆ’ ಎಂದರೆ ಅಂದಿನಿಂದ ನಿಮ್ಮ ಬೇಳೆ ಆ ಮನೆಯೊಳಗೆ ಹೋಗುವುದಿಲ್ಲ. ಆದ್ದರಿಂದ ‘ಕೀಟನಾಶಕ’ ಎಂಬ ಸಪ್ಪೆ ಪದವನ್ನೇ ಬಳಸಿ, ಅದರ ಬೆನ್ನಿಗೇ ಡಬ್ಬಿಯ ಮೇಲಿರುವ ರಾಸಾಯನಿಕದ ಹೆಸರನ್ನು ಹೇಳಿ. ಕಂಪನಿ ಇಟ್ಟ ಮಾರಾಟದ ಹೆಸರು ಬೇಡ. ಒಂದೇ ರಾಸಾಯನಿಕ ಹತ್ತಾರು ಹೆಸರುಗಳಲ್ಲಿ ಬರುತ್ತದೆ, ಕೇಳಿದವರು ಹುಡುಕಿ ನೋಡಬೇಕೆಂದರೆ ಮೂಲ ಹೆಸರೇ ಬೇಕು. ಬೇವಿನ ಕಷಾಯವನ್ನೂ ಈ ಪಟ್ಟಿಯಿಂದ ಹೊರಗಿಡಬೇಡಿ. ಅದು ಕೂಡ ಹುಳು ಸಾಯಲಿ, ಇಲ್ಲವೆ ತಿನ್ನುವುದನ್ನು ಬಿಡಲಿ ಎಂದೇ ಹೊಡೆಯುವಂಥದ್ದು. ಅದೊಂದನ್ನೇ ಹಿಗ್ಗಿನಿಂದ ಹೇಳಿ ಉಳಿದೆರಡನ್ನು ನುಂಗಿಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ನಿಮ್ಮ ಲೆಕ್ಕ. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್.ಸಿ. ಎಂಬ ದ್ರವವನ್ನು ತೊಗರಿಗೆ ಎಕರೆಗೆ 60 ಮಿ.ಲೀ.ನಂತೆ ಹೊಡೆಯುತ್ತಾರೆ; ಅದರೊಳಗಿನ ನಿಜವಾದ ಕೀಟನಾಶಕದ ಅಂಶ ಸುಮಾರು 12 ಗ್ರಾಂ. ಅದು ಎಕರೆ ತುಂಬ ಎಲೆ, ಹೂವು, ಕಾಯಿ, ನೆಲ ಎಲ್ಲದರ ಮೇಲೆ ಹರಡಿ ಬೀಳುತ್ತದೆ, ಬಿಸಿಲಿಗೆ ಹಾಗೂ ಕಾಲಕ್ಕೆ ಕರಗುತ್ತಾ ಹೋಗುತ್ತದೆ. ಕಾಯಿಯ ಮೇಲೆ ಬಿದ್ದದ್ದರಲ್ಲಿ ಬಹುಪಾಲು ಸಿಪ್ಪೆಯಲ್ಲೇ ಉಳಿಯುತ್ತದೆ. ರಾಶಿ ಮಾಡುವಾಗ, ಅಂದರೆ ಒಕ್ಕುವಾಗ, ಆ ಸಿಪ್ಪೆ ಹೊಟ್ಟಾಗಿ ಹೋಗುತ್ತದೆ, ಗಿರಣಿಯಲ್ಲಿ ಕಾಳಿನ ಮೇಲಿನ ಪೊರೆಯೂ ಹೋಗುತ್ತದೆ, ಅಡುಗೆಮನೆಯಲ್ಲಿ ಬೇಳೆಯನ್ನು ತೊಳೆದ ನೀರೂ ಹೋಗುತ್ತದೆ. ಸೊಪ್ಪು, ಹಸಿಮೆಣಸಿನಕಾಯಿ, ಬದನೆಕಾಯಿಗಳಂತೆ ಹೊಡೆದ ಮೈಯನ್ನೇ ತಿನ್ನುವ ಬೆಳೆ ತೊಗರಿಯಲ್ಲ. ಈ ದಾರಿಯನ್ನು ಗಿರಾಕಿಗೆ ಬಿಡಿಸಿ ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ನಮ್ಮ ಜನ ಬೇಳೆಯನ್ನು ಕಾಣದವರಲ್ಲ, ಹೊಲವನ್ನು ಮರೆತವರು, ಅಷ್ಟೆ.

ಆದರೆ ಈ ವಿವರಣೆಯ ಕೊನೆಗೆ ‘ಆದ್ದರಿಂದ ಏನೂ ಆಗುವುದಿಲ್ಲ’ ಎಂಬ ಬಾಲ ಹಚ್ಚಬೇಡಿ. ‘ಸರ್ಕಾರ ಒಪ್ಪಿದ ಔಷಧ’ ಎಂಬ ಮಾತನ್ನಂತೂ ಗುರಾಣಿಯಂತೆ ಹಿಡಿಯಬೇಡಿ. ಎಂಡೋಸಲ್ಫಾನ್ ಅನ್ನು ಈ ಭಾಗದ ರೈತರು ವರ್ಷಾನುಗಟ್ಟಲೆ ಒಪ್ಪಿಗೆ ಇದ್ದೇ ಹೊಡೆದರು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಮೊನೊಕ್ರೊಟೊಫಾಸ್ ಎಂಬ ಇನ್ನೊಂದು ಕೀಟನಾಶಕವನ್ನು ತರಕಾರಿಗೆ ಬಳಸಬಾರದೆಂದು 2005ರಲ್ಲಿ ಆದೇಶವಾದರೂ ಉಳಿದ ಬೆಳೆಗಳಿಗೆ ಅದು ನಡೆಯುತ್ತಲೇ ಇತ್ತು. ಅದರ 36 ಎಸ್.ಎಲ್. ದ್ರಾವಣದ ಮೇಲೆ ಕೇಂದ್ರದ ನಿಷೇಧ ಬಂದದ್ದು 2023ರಲ್ಲಿ. ಇದನ್ನೆಲ್ಲ ಪತ್ರಿಕೆಯಲ್ಲಿ ಓದಿಕೊಂಡೇ ಗಿರಾಕಿ ನಿಮ್ಮ ಎದುರು ಕೂತಿರುತ್ತಾರೆ. ನಿಮಗೆ ಗೊತ್ತಿರುವುದು ನೀವು ಮಾಡಿದ ಕೆಲಸ ಮಾತ್ರ. ಅದನ್ನಷ್ಟೇ ಖಾತರಿಯಿಂದ ಹೇಳಿ.

ಖಾತರಿ ಇನ್ನೂ ಬೇಕೆನ್ನುವವರಿಗೆ ಪ್ರಯೋಗಾಲಯವಿದೆ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಗಳಲ್ಲಿ ಬೇಳೆಯ ಮಾದರಿ ಕೊಟ್ಟು ಕೀಟನಾಶಕದ ಉಳಿಕೆಯನ್ನು ಪರೀಕ್ಷೆ ಮಾಡಿಸಬಹುದು. ವರದಿಯಲ್ಲಿ ಕಾಣುವ ಅಂಕಿಗಳನ್ನು ಓದಲು ಒಂದು ಹೋಲಿಕೆ ಕೊಡುತ್ತೇನೆ. ಒಂದು ಕೀಟನಾಶಕಕ್ಕೆ ಒಂದು ಆಹಾರದಲ್ಲಿ ಪ್ರತ್ಯೇಕ ಮಿತಿ ಗೊತ್ತುಮಾಡಿರದಿದ್ದರೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹಿಡಿಯುವ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಕಲಬುರಗಿಯ ಭಾಷೆಯಲ್ಲಿ ಹೇಳುವುದಾದರೆ, ಸಾವಿರ ಕ್ವಿಂಟಲ್ ಬೇಳೆಯಲ್ಲಿ 1 ಗ್ರಾಂ. ನೂರು ನೂರು ಕ್ವಿಂಟಲ್ ಹೇರಿದ ಹತ್ತು ಲಾರಿಗಳು ಎಪಿಎಂಸಿ ಮುಂದೆ ಸಾಲಾಗಿ ನಿಂತಿವೆ, ಅಷ್ಟರಲ್ಲೆಲ್ಲ ಸೇರಿ ಒಂದು ಚಿಟಿಕೆ ಉಪ್ಪು ಎಂದುಕೊಳ್ಳಿ. ಯಂತ್ರ ಅದನ್ನೂ ಹಿಡಿಯುತ್ತದೆ. ಹೀಗಾಗಿ ವರದಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ, ಮಿತಿಯ ಎದುರಿಗಿಟ್ಟು ಅಂಕಿಯನ್ನು ಓದಬೇಕು. ಪರೀಕ್ಷೆಯ ಶುಲ್ಕ ಸಾವಿರಗಳ ಲೆಕ್ಕದಲ್ಲಿರುವುದರಿಂದ ಒಬ್ಬರೇ ಮಾಡಿಸುವುದು ಭಾರ. ನಿಮ್ಮಂತೆಯೇ ಮಾರುವ ನಾಲ್ಕಾರು ಮನೆಯವರು ಕೂಡಿ ವರ್ಷಕ್ಕೊಂದು ಮಾದರಿ ಕಳಿಸಿದರೆ ಸಾಕು.

‘ಸಾವಯವ’ ಎಂಬ ಪದವನ್ನು ಮುಟ್ಟಬೇಡಿ. ಆ ಹೆಸರಿನಲ್ಲಿ ಮಾರಲು ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ರೈತರ ಗುಂಪೇ ಪರಸ್ಪರ ಪರಿಶೀಲಿಸಿ ಕೊಡುವ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ಬೇಕು. ನೇರವಾಗಿ ಮಾರುವ ಚಿಕ್ಕ ರೈತರಿಗೆ ಒಂದು ವಿನಾಯಿತಿ ಇರುವುದು ನಿಜ. ಅದು ಕಾಗದದ ವಿನಾಯಿತಿ, ಇಂಡಾಕ್ಸಾಕಾರ್ಬ್ ಹೊಡೆದದ್ದಕ್ಕೆ ಯಾರೂ ವಿನಾಯಿತಿ ಕೊಟ್ಟಿಲ್ಲ.

ಗಿರಾಕಿಗಳ ಮುಂದಿನ ಪ್ರಶ್ನೆ ‘ಹೊಡೆಯದೆ ಬೆಳೆಯಲು ಬರುವುದಿಲ್ಲವೇ?’ ಎಂಬುದಾಗಿರುತ್ತದೆ. ಇದಕ್ಕೆ ಸೈದ್ಧಾಂತಿಕ ಉತ್ತರ ಬೇಡ, ಕಾಯಿಕೊರಕವನ್ನು ತೋರಿಸಿ. ತೊಗರಿ ಹೂವಾಡುವ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಮೋಡ ಕವಿದ ನಾಲ್ಕು ದಿನ ಸಾಕು, ಹಸಿರು ಕೀಡೆ ಹೆಚ್ಚುತ್ತದೆ. ತಲೆಯನ್ನು ಕಾಯಿಯೊಳಗೆ ತೂರಿಸಿ, ಅರ್ಧ ಮೈಯನ್ನು ಹೊರಗೆ ಬಿಟ್ಟುಕೊಂಡು ಕಾಳನ್ನು ತಿನ್ನುತ್ತಿರುತ್ತದೆ. ಒಂದೇ ಕೀಡೆ ಒಂದು ಕಾಯಿಗೆ ನಿಲ್ಲದೆ ಪಕ್ಕದ ಕಾಯಿಗೆ ಹೋಗುತ್ತದೆ. ಅಂಥ ತೂತು ಬಿದ್ದ ಕಾಯಿಯ ಗೊಂಚಲೊಂದನ್ನು ಬೇಳೆಯ ಚೀಲದ ಜೊತೆ ಒಯ್ದು ಗಿರಾಕಿಯ ಅಂಗೈಯಲ್ಲಿಡಿ. ನಾನು ಕೊಡುವ ಎರಡು ತಾಸಿನ ಉಪನ್ಯಾಸಕ್ಕಿಂತ ಅದು ಮೇಲು.

ಆದರೆ ಆ ಗೊಂಚಲು ತೋರಿಸುವಾಗ ನೀವೂ ಒಂದು ಪ್ರಶ್ನೆಗೆ ಸಿದ್ಧರಾಗಿರಬೇಕು: ಗಿಡಗಳನ್ನು ಎಣಿಸಿ ನೋಡಿ ಹೊಡೆದಿರಾ, ಪಕ್ಕದವರು ಹೊಡೆದರೆಂದು ಹೊಡೆದಿರಾ? ತೊಗರಿಯಲ್ಲಿ ಗಿಡಕ್ಕೆ 2 ಮೊಟ್ಟೆ ಅಥವಾ 1 ಕೀಡೆ ಕಂಡಾಗ ಕ್ರಮ ಕೈಗೊಳ್ಳಬೇಕೆಂಬುದು ನಾವು ಹೇಳುತ್ತಾ ಬಂದ ಅಳತೆ. 1997-98ರ ಹಂಗಾಮನ್ನು ಕಂಡವರಿಗೆ ಈ ಅಳತೆಯ ಬೆಲೆ ಗೊತ್ತು. ಆ ವರ್ಷ ಅಕಾಲದ ಮಳೆ, ಮೋಡಗಳ ನಡುವೆ ಕಾಯಿಕೊರಕ ಈ ಸೀಮೆಯ ತೊಗರಿಯನ್ನು ತಿಂದು ಹಾಕಿತು. ಎರಡು ಮೂರು ಔಷಧಗಳನ್ನು ಬೆರೆಸಿ ಮತ್ತೆ ಮತ್ತೆ ಹೊಡೆದರೂ ಕೀಡೆ ಸಾಯಲಿಲ್ಲ, ಏಕೆಂದರೆ ಅದೇ ಔಷಧಗಳನ್ನು ವರ್ಷಗಟ್ಟಲೆ ಕುಡಿದು ಅದು ಪಳಗಿತ್ತು. ಸಾಲ ಮಾತ್ರ ಉಳಿಯಿತು. ಬೀದರ, ಕಲಬುರಗಿಯ ಹಳ್ಳಿಗಳಲ್ಲಿ ಆ ವರ್ಷ ಏನಾಯಿತೆಂಬುದನ್ನು ನಿಮ್ಮ ಮನೆಯ ಹಿರಿಯರು ಹೇಳಬಲ್ಲರು. ಆಮೇಲೆ ಜನ ಗಿಡಗಳ ಬುಡಕ್ಕೆ ಹಳೆಯ ಸೀರೆ, ಗೊಬ್ಬರದ ಚೀಲ ಹಾಸಿ, ಗಿಡ ಅಲುಗಿಸಿ, ಉದುರಿದ ಕೀಡೆಗಳನ್ನು ಸೇರುಗಟ್ಟಲೆ ಆರಿಸಿ ಹಾಕಿದರು. ಆ ಕೆಲಸ ಇವತ್ತಿಗೂ ಫಲ ಕೊಡುತ್ತದೆ. ಆದರೆ ಆಳು ಬೇಕು, ಆಳು ಸಿಗುವುದಿಲ್ಲ. ಇದನ್ನೂ ಗಿರಾಕಿಗೆ ಮುಚ್ಚದೆ ಹೇಳಬಹುದು. ಕೀಡೆ ಆರಿಸಿದ ಹೊಲದ ಬೇಳೆಗೆ ಕಿಲೋಗೆ ಇಷ್ಟು ಹೆಚ್ಚು ಕೊಡುವಿರಾ ಎಂದು ಕೇಳಿದರೆ, ಕೆಲವರಾದರೂ ಯೋಚಿಸುತ್ತಾರೆ.

ಇನ್ನು ನೀವು ಕೇಳದಿದ್ದುದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಿಂಚೋಳಿ ಕಡೆಯ ಒಂದು ಹಳ್ಳಿಯ ಗುಡಿಕಟ್ಟೆಯ ಮೇಲೆ ನಿಂತು, ‘ಶಿಫಾರಸು ಮಾಡಿದ ಪ್ರಮಾಣ ಮೀರದಿದ್ದರೆ ಯಾವ ಅಪಾಯವೂ ಇಲ್ಲ’ ಎಂದು ಬಲು ಧೈರ್ಯದಿಂದ ಹೇಳಿದ್ದೆ. ಹಿಂದೆ ಕೂತಿದ್ದ ಕೂಲಿಯ ಹೆಣ್ಣುಮಗಳೊಬ್ಬಳು, ‘ಪೀಪಾಯಿದಾಗ ಕೈ ಹಾಕಿ ಕಲಸೋರು ನಾವ್ರಿ. ಕೈಗೆ ಪ್ರಮಾಣ ಎಷ್ಟ್ರಿ?’ ಎಂದಳು. ತೋಳನ್ನು ಚಾಚಿ ತೋರಿಸಿದಳು. ಮೊಣಕೈವರೆಗೆ ಒಂದು ಗೆರೆ ಎಳೆದಂತೆ ಚರ್ಮದ ಬಣ್ಣ ಬೇರೆಯಾಗಿತ್ತು. ಗೆರೆಯ ಕೆಳಗೆ ಚರ್ಮ ಒಣಗಿ, ಹಲ್ಲಿಯ ಪೊರೆಯಂತೆ ಏಳುತ್ತಿತ್ತು, ಬಳೆಯ ಕೆಳಗಿನ ಜಾಗ ಮಾತ್ರ ಕೆಂಪಾಗಿತ್ತು. ಡ್ರಮ್ಮಿನ ನೀರು ಎಲ್ಲಿಯವರೆಗೆ ಬರುತ್ತಿತ್ತೋ ಅಲ್ಲಿಯವರೆಗೆ ಆ ಗೆರೆ. ನನ್ನ ಬಳಿ ಉತ್ತರವಿರಲಿಲ್ಲ. ‘ಕೋಲಿನಿಂದ ಕಲಸಬೇಕು’ ಎಂದೆ, ಆ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿತು.

ಆದ್ದರಿಂದ ಸಿಂಪರಣೆಯ ದಿನ ಹೇಳಬೇಕಾದ ಮಾತುಗಳನ್ನು ಬರೆಯುತ್ತೇನೆ. ಡಬ್ಬಿಯ ಮೇಲೆ ವಜ್ರಾಕೃತಿಯ ಒಂದು ಗುರುತಿದೆ. ಅದರ ಕೆಳಗಿನ ತ್ರಿಕೋನದ ಬಣ್ಣ ಕೆಂಪಾಗಿದ್ದರೆ ಅತ್ಯಂತ ವಿಷಕಾರಿ, ಹಳದಿಯಾಗಿದ್ದರೆ ತುಂಬ ವಿಷಕಾರಿ, ನೀಲಿಯಾಗಿದ್ದರೆ ಮಧ್ಯಮ, ಹಸಿರಾಗಿದ್ದರೆ ಅಲ್ಪ. ಮೊನೊಕ್ರೊಟೊಫಾಸ್ ಡಬ್ಬಿಯ ಮೇಲಿದ್ದದ್ದು ಕೆಂಪು, ನಿಮ್ಮ ಕ್ಲೋರಾಂಟ್ರಾನಿಲಿಪ್ರೋಲ್ ಡಬ್ಬಿಯದು ಹಸಿರು. ಅಕ್ಷರ ಬಾರದವರೂ ಬಣ್ಣ ಓದಬಲ್ಲರು, ಆದರೆ ಡಬ್ಬಿಯನ್ನು ಅವರ ಕೈಗೆ ಕೊಟ್ಟು ತೋರಿಸುವವರು ಬೇಕು. ಹಸಿರೆಂದರೆ ಕೈ ಹಾಕಿ ಕಲಸಬಹುದೆಂದಲ್ಲ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಕೈಗವಸು, ಮುಖಕ್ಕೆ ಬಟ್ಟೆ, ತುಂಬುತೋಳಿನ ಅಂಗಿಯನ್ನು ಕೊಡುವುದು ಹೊಲದವರ ಜವಾಬ್ದಾರಿ. ‘ಅವರೇ ಹಾಕಿಕೊಳ್ಳುವುದಿಲ್ಲ’ ಎನ್ನುವವರನ್ನು, ತಂದು ಕೊಟ್ಟಿದ್ದಿರಾ ಎಂದು ನಾನು ಮರಳಿ ಕೇಳಿದಾಗ ಸಾಮಾನ್ಯವಾಗಿ ಮಾತು ಬದಲಾಗುತ್ತದೆ. ಮಧ್ಯಾಹ್ನದ ಸೆಕೆಯಲ್ಲಿ ಅವನ್ನು ತೊಟ್ಟು ನಿಲ್ಲುವುದು ಯಾರಿಗೂ ಆಗದು ಎಂಬುದು ಸತ್ಯ, ಹಾಗಾಗಿ ಇಳಿಹೊತ್ತಿಗೆ ಹೊಡೆಯಿರಿ. ಆ ಹೊತ್ತಿಗೆ ತೊಗರಿ ಹೂವಿನ ಮೇಲೆ ಜೇನು ಕೂಡ ಕಡಿಮೆ.

ಡಬ್ಬಿಯ ಚೀಟಿಯನ್ನು ಜೋಪಾನ ಮಾಡುವುದಕ್ಕೆ ಇನ್ನೊಂದು ಕಾರಣವಿದೆ, ಅದು ಎಲ್ಲಕ್ಕಿಂತ ದೊಡ್ಡದು. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಸಿಂಪರಣೆ ಮಾಡುತ್ತಿದ್ದವರು ನೂರಾರು ಸಂಖ್ಯೆಯಲ್ಲಿ ಆಸ್ಪತ್ರೆ ಸೇರಿದರು, ಇಪ್ಪತ್ತರಷ್ಟು ಜನ ಸತ್ತರು. ಶಹಾಪುರ, ಸುರಪುರದ ಹತ್ತಿ ಹೊಲಗಳನ್ನು ನೋಡಿದವರಿಗೆ ಅದು ದೂರದ ಸುದ್ದಿಯಾಗಿ ಕಾಣಲಾರದು: ಅದೇ ಆಳೆತ್ತರದ ಗಿಡ, ಅದೇ ಎರಡು ಮೂರು ಔಷಧಗಳ ಮಿಶ್ರಣ. ತಲೆಸುತ್ತು, ವಾಂತಿ, ಬೆವರು ಎಂದು ಬಂದವರಿಗೆ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ‘ಯಾವ ಔಷಧ?’ ಎಂಬುದು. ಮೊನೊಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫೇಟ್ ಗುಂಪಿನದಾದರೆ ಅಟ್ರೋಪಿನ್ ಎಂಬ ಪ್ರತಿವಿಷ ಕೊಡುತ್ತಾರೆ. ಬೇರೆ ಗುಂಪಿನದಾದರೆ ಚಿಕಿತ್ಸೆಯ ದಾರಿ ಬೇರೆ. ಪೊಲೀಸು, ಪಂಚನಾಮೆಗೆ ಹೆದರಿ, ಇಲ್ಲವೆ ಬಿಲ್ಲಿಲ್ಲದೆ ತಂದ ಡಬ್ಬಿ ಎಂದು ನಾಚಿ, ‘ಬಿಸಿಲಿಗೆ ಬಿದ್ದ’ ಎಂದು ಹೇಳಿ ಹೊತ್ತು ಕಳೆದವರ ಸುದ್ದಿ ನಾನು ಕೇಳಿದ್ದೇನೆ. ಖಾಲಿ ಡಬ್ಬಿಯನ್ನು ಬದುವಿಗೆಸೆಯದೆ, ಕೆಲಸ ಮುಗಿದು ಎಲ್ಲರೂ ಮನೆ ಸೇರಿ ರಾತ್ರಿ ಕಳೆಯುವವರೆಗೆ ಕೈಗೆ ಸಿಗುವ ಕಡೆ ಇಡಿ, ಅದು ಎಲ್ಲಿದೆಯೆಂದು ಸಿಂಪರಣೆ ಮಾಡಿದವರಿಗೂ ಅವರ ಮನೆಯವರಿಗೂ ಹೇಳಿರಿ.

ಮಕ್ಕಳು, ನೆಂಟರ ವಿಷಯದಲ್ಲಿ ನಮ್ಮ ಭಾಗಕ್ಕೇ ಸೇರಿದ ಒಂದು ಸಂಗತಿಯಿದೆ. ಎಳ್ಳಮಾವಾಸ್ಯೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ ಬರುತ್ತದೆ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ, ಎಡೆಯನ್ನು ಬೆಳೆಗೆ ಎರಚಿ ಚರಗ ಚೆಲ್ಲುತ್ತದೆ, ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುತ್ತದೆ; ನಗರದಿಂದ ಬಂದ ಮಕ್ಕಳು ಹಸಿ ತೊಗರಿಕಾಯಿ, ಹಸಿ ಕಡಲೆಯನ್ನು ಕಿತ್ತು ಅಲ್ಲೇ ಬಾಯಿಗೆ ಹಾಕುತ್ತಾರೆ. ಬೇಳೆಯ ವಿಷಯದಲ್ಲಿ ನಾನು ಮೇಲೆ ಹೇಳಿದ ಸಮಾಧಾನಗಳಲ್ಲಿ ಒಂದೂ ಇಲ್ಲಿ ನಡೆಯುವುದಿಲ್ಲ: ಕಾಯಿ ಒಣಗಿಲ್ಲ, ತೊಳೆದಿಲ್ಲ, ಬೆಂದಿಲ್ಲ, ಹಲ್ಲಿನಿಂದಲೇ ಸುಲಿಯುತ್ತಾರೆ. ಪ್ರತಿ ಡಬ್ಬಿಯ ಚೀಟಿಯಲ್ಲೂ ಕೊನೆಯ ಸಿಂಪರಣೆಯಿಂದ ಕೊಯ್ಲಿನವರೆಗೆ ಎಷ್ಟು ದಿನ ಕಾಯಬೇಕೆಂದು ಬೆಳೆವಾರು ಬರೆದಿರುತ್ತದೆ. ತೊಗರಿಗೆ ಕೆಲವದಕ್ಕೆ ಎರಡು ವಾರದೊಳಗೆ, ನೀವು ಹೊಡೆದ ಕ್ಲೋರಾಂಟ್ರಾನಿಲಿಪ್ರೋಲ್‌ಗೆ ಸುಮಾರು ನಾಲ್ಕು ವಾರ. ರಾಶಿಗೆ ಇಷ್ಟು ದಿನ ತಾನಾಗಿಯೇ ಸಿಗುತ್ತದೆ, ಎಳ್ಳಮಾವಾಸ್ಯೆಗೆ ಸಿಗುವುದಿಲ್ಲ. ದಿನ ತುಂಬಿರದಿದ್ದರೆ ಬಂಡಿಯಿಂದ ಇಳಿಯುವಾಗಲೇ ‘ಈ ವರ್ಷ ಈ ಪಟ್ಟಿಯ ಕಾಯಿ ಕೀಳಬ್ಯಾಡ್ರಿ’ ಎಂದು ಹೇಳಬೇಕು. ಹಬ್ಬದ ದಿನ ಬಂದ ನೆಂಟರಿಗೆ ಹಾಗೆ ಹೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ನಮ್ಮ ಮನೆಯಲ್ಲೇ ಒಂದು ಸಲ ಹೇಳಿ ಮುಖ ಕೆಡಿಸಿಕೊಂಡಿದ್ದೇವೆ. ಅದಕ್ಕಿಂತ, ಮನೆಯ ಬಳಿಯ ನಾಲ್ಕು ಸಾಲುಗಳನ್ನು ಹೊಡೆಯದೆ ಬಿಟ್ಟು, ಅಲ್ಲಿ ಕೀಡೆಯನ್ನು ಕೈಯಿಂದಲೇ ಆರಿಸಿ, ಹಬ್ಬಕ್ಕೆಂದು ಮೀಸಲಿಡುವುದು ಸುಲಭ. ಬದುವಿನ ಪುಂಡಿ ಪಲ್ಯಕ್ಕೂ, ಹಿಂಗಾರಿಯಲ್ಲಿ ಹೆಂಗಸರು ಚಿವುಟಿ ತರುವ ಕಡಲೆ ಸೊಪ್ಪಿಗೂ ಇದೇ ಮಾತು. ಯಾರೂ ಅವಕ್ಕೆಂದು ಹೊಡೆಯುವುದಿಲ್ಲ, ಗಾಳಿ ಒಯ್ದು ಹಾಕುತ್ತದೆ; ಬುಟ್ಟಿ ಹಿಡಿದು ಬಂದ ಅಕ್ಕಪಕ್ಕದವರಿಗೆ ಹೊಡೆದ ದಿನ ತಿಳಿದಿರಬೇಕು. ರಾಶಿಯಾದ ಮೇಲೆ ಕುರಿ ಬಿಡುವವರಿಗೂ ಹೇಳಿ.

ಬೇಳೆ ಮನೆಗೆ ಬಂದ ಮೇಲೆ ನುಸಿಗೆಂದು ಚೀಲದ ನಡುವೆ ಗುಳಿಗೆ ಇಡುವವರಿದ್ದಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ, ಮಲಗುವ ಮನೆಯಲ್ಲಿ ಜೀವ ತೆಗೆಯುತ್ತದೆ. ತಜ್ಞರ ಉಸ್ತುವಾರಿಯಲ್ಲಿ ಗೋದಾಮಿನಲ್ಲಿ ಮಾತ್ರ ಬಳಸಬೇಕಾದದ್ದು. ನೀವು ಇಡುತ್ತಿದ್ದರೆ ಇಂದೇ ಬಿಡಿ. ಹೊಲದಲ್ಲಿ ಮೂರು ಸಲ ಹೊಡೆದದ್ದನ್ನು ಕೇಳುವ ಗಿರಾಕಿ ಇದನ್ನು ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಹರಳೆಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿಟ್ಟ ಬೇಳೆ ನಿಮ್ಮ ಮಾರಾಟದ ಅವಧಿಗೆ ಸಾಕಾಗುತ್ತದೆ. ಆ ಎಣ್ಣೆಯ ವಿಷಯವನ್ನಂತೂ ಹೆದರದೆ ಹೇಳಬಹುದು.

ಗಿರಾಕಿ ಹೋಗುತ್ತಾರೆಯೇ ಎಂದು ಕೇಳಿದ್ದೀರಿ. ಹೋಗುತ್ತಾರೆ, ನಲವತ್ತು ಮನೆಗಳಲ್ಲಿ ಕೆಲವರು ಖಂಡಿತ ಹೋಗುತ್ತಾರೆ. ‘ಏನೂ ಹೊಡೆದಿಲ್ಲ’ ಎನ್ನುವ ಇನ್ನೊಬ್ಬರು ಅವರಿಗೆ ಸಿಗುತ್ತಾರೆ, ಅವರ ಮಾತು ನಿಜವೂ ಇರಬಹುದು. ಉಳಿದವರಿಗೆ ಚೀಲಕ್ಕೊಂದು ಚೀಟಿ ಹಾಕಿ. ಅದರಲ್ಲಿ ತಳಿಯ ಹೆಸರು, ಬಿತ್ತಿದ ದಿನ, ಮೂರು ಸಿಂಪರಣೆಗಳ ತಾರೀಖು, ಪ್ರತಿಯೊಂದರ ಹೆಸರು ಮತ್ತು ಎಕರೆಯ ಲೆಕ್ಕ, ರಾಶಿ ಮಾಡಿದ ದಿನ ಇಷ್ಟಿರಲಿ. ಕೊನೆಗೆ ‘ಹೂವಾಡುವ ಹೊತ್ತಿಗೆ ಬಂದು ಹೊಲ ನೋಡಬಹುದು’ ಎಂದು ಬರೆಯಿರಿ. ಮನೆಯವರು ‘ಯಾರು ನೋಡ್ಲಿಕ್ಕೆ ಬರ್ತಾರ’ ಎಂದರಲ್ಲ, ಒಬ್ಬಿಬ್ಬರು ಬಂದೇ ಬರುತ್ತಾರೆ. ಕಳೆದ ವರ್ಷದ ತಾರೀಖುಗಳು ಈಗ ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಅಂಗಡಿಯ ಬಿಲ್ಲು ಹುಡುಕಿ, ಸಿಂಪರಣೆ ಮಾಡಿದವರನ್ನು ಕೇಳಿ. ಕೂಲಿ ಕೊಟ್ಟ ದಿನ ಅವರಿಗೆ ನೆನಪಿರುತ್ತದೆ.